ಬಾಗಿನ ಲೆಕ್ಕ

ಮಾಚೇನಹಳ್ಳಿಯ ಶೆಡ್ಡಿನಲ್ಲಿ ಗ್ರೈಂಡರು ಉಸಿರು ಬಿಡುವ
ಹನ್ನೊಂದರ ಟೀ ಹೊತ್ತಿಗೆ ಬಂತು ಆರ್ಡರು:
ಸ್ಟೇನ್‌ಲೆಸ್ ಬೆಂಡು, ತೊಂಬತ್ತು ಡಿಗ್ರಿ,
ಎರಡಿಂಚು, ನಲವತ್ತೆಂಟು ನಗ.
ಕೊನೆಗೊಂದು ಸಾಲು, ಮಸುಕು ಕಾರ್ಬನ್ ಶಾಯಿಯಲ್ಲಿ:
'ಅನ್ವಯವಾಗುವ ಸ್ಟ್ಯಾಂಡರ್ಡಿನಂತೆ.'

ಇಷ್ಟೇ. ಯಾವುದು ಅನ್ವಯ, ಯಾತಕ್ಕೆ,
ಬರೆದವರು ಬರೆದಿಲ್ಲ.
ಎಲ್ಲ ಕಡೆ ಸಲ್ಲುವ ಮಾತು,
ಎಲ್ಲೂ ನಿಲ್ಲದು.

ಕಪಾಟಿನಲ್ಲಿವೆ ಪುಸ್ತಕಗಳು, ಬೆನ್ನಿಗೆ ಟೇಪು ಸುತ್ತಿಕೊಂಡು.
ಅಮೆರಿಕದವರ ಬಿ ಹದಿನಾರು ಪಾಯಿಂಟ್ ಒಂಬತ್ತು,
ಆವಿಗೆ, ಎಣ್ಣೆಗೆ, ಒತ್ತಡಕ್ಕೆ ಎದೆಯೊಡ್ಡುವ ಬೆಂಡಿಗೆ.
ಜರ್ಮನಿಯವರದೊಂದು. ನಮ್ಮ ಐಎಸ್ ಒಂದಷ್ಟು.
ಹಾಲಿನವರದು ಮೂಲೆಯಲ್ಲಿ, ತೆಳ್ಳಗೆ,
ಐಎಸ್‌ಒ ಇಪ್ಪತ್ತೆಂಟು ಐವತ್ತೊಂದು;
ಯಾರೂ ಮುಟ್ಟದ್ದಕ್ಕೆ ಇನ್ನೂ ಬಿಳಿ.

ಎರಡಿಂಚು ಎಂದರೆ ಎರಡು ಇಂಚೇ ಆಗಬೇಕಿಲ್ಲವೆಂದು
ನನಗೆ ಗೊತ್ತಾದದ್ದು ಮೂವತ್ತನಾಲ್ಕನೇ ವಯಸ್ಸಿಗೆ.
ಒಬ್ಬರ ಎರಡಿಂಚು ಅರವತ್ತು ಪಾಯಿಂಟ್ ಮೂರು ಮಿಲಿಮೀಟರು,
ಇನ್ನೊಬ್ಬರದು ಬರೇ ಐವತ್ತೊಂದು.
ನಡುವಿನ ಒಂಬತ್ತು ಚಿಲ್ಲರೆ ಮಿಲಿಮೀಟರಿನಲ್ಲಿ
ಒಂದು ಕಡಲೆಬೀಜ ಆರಾಮಾಗಿ ಮಲಗಬಹುದು.

ಹೋದ ವರ್ಷ ಹಾಲು ಮಲಗಿತ್ತು.
ಆಯನೂರಿನ ಆಚೆ ಒಂದು ಸಣ್ಣ ಘಟಕ,
ನಾನೇ ಸಹಿ ಹಾಕಿ ಕಳಿಸಿದ ಬೆಂಡು.
ಸರ್ಟಿಫಿಕೇಟಿತ್ತು. ಹೀಟ್ ನಂಬರಿತ್ತು.
ಪರೀಕ್ಷೆಯ ನೀರಿಗೆ ಒಂದು ಹನಿ ಬೆವರಿರಲಿಲ್ಲ.
ಅಲ್ಲಿಯ ಫಿಟ್ಟರು ಹುಡುಗ ಅಂಚು ತಟ್ಟಿ, ಕುಗ್ಗಿಸಿ,
ಹೇಗೋ ಕೂಡಿಸಿ, ಬೆಸೆದು, ಫೋಟೋ ಕಳಿಸಿದ.
ಹೊರಗಿಂದ ಒಂದೇ ಮೈ.
ಒಳಗೊಂದು ಮೆಟ್ಟಿಲು.
ತೊಳೆಯುವ ನೀರು ಮೆಟ್ಟಿಲು ಹಾರಿ ಹೋಯಿತು,
ಕಾಸ್ಟಿಕ್ಕೂ ಹಾರಿತು, ಹಾಲು ಮಾತ್ರ ಕೂತಿತು.
ಮೂರನೇ ದಿನ ಕ್ಯಾನಿನ ಮುಚ್ಚಳ ತೆಗೆದ ಗುಲಾಬಮ್ಮ
ಏನೂ ಹೇಳದೆ ಸೆರಗು ಮೂಗಿಗೆ ಹಿಡಿದಳಂತೆ.
ಒಂಬೈನೂರು ಲೀಟರು ಚರಂಡಿಗೆ.

ತಪ್ಪು ಹುಡುಕಿದೆವು. ಬೆಂಡಿನಲ್ಲಿ ಸಿಗಲಿಲ್ಲ.
ಪುಸ್ತಕದ ಪ್ರತಿ ಸಾಲಿಗೂ ಅದು ಸರಿಯಿತ್ತು,
ಆ ಪುಸ್ತಕದ ಸಾಲಿಗೆ.

ಇನಾಯತ್ ಸಾಬರು, ಭದ್ರಾವತಿಯ ಕುಲುಮೆ ಕಂಡವರು,
ಕಿರುಬೆರಳು ಬೆಂಡಿನೊಳಗೆ ಬಿಟ್ಟು ಕಣ್ಣು ಮುಚ್ಚುತ್ತಾರೆ.
"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರೆ, ಮೇಡಂ.
ಪೈಪು ಯಾವ ವಯಸ್ಸಿಗೂ ಬಗ್ಗತ್ತೆ, ಕಾಸಿದರಾಯ್ತು.
ಬಗ್ಗಿದ್ದಕ್ಕೆ ದಂಡ ಕಟ್ಟತ್ತೆ, ಅಷ್ಟೆ.
ಹೊರಗಡೆ ತೆಳುವಾಗತ್ತೆ, ಒಳಮಗ್ಗುಲು ಸುಕ್ಕಾಗತ್ತೆ.
ಎಷ್ಟು ತೆಳು, ಎಷ್ಟು ಸುಕ್ಕು ತಡಕೋಬಹುದು ಅಂತ
ಯಾರೋ ಕೂತು ಬರಕೊಂಡಿದ್ದಾರಲ್ಲ,
ಅದೇ ತಾನೆ ನಿಮ್ಮ ಸ್ಟ್ಯಾಂಡರ್ಡು?"

ಇವತ್ತು ಫೋನು ತೆಗೆದೆ.
"ಒಳಗೆ ಏನು ಹರಿಯತ್ತೆ?"
"ಮಜ್ಜಿಗೆ, ಮೇಡಂ."
"ರಾತ್ರಿ?"
ಸ್ವಲ್ಪ ಹೊತ್ತು ಬರೀ ಮೋಟರಿನ ಸದ್ದು.
"ರಾತ್ರಿ ತೊಳೀತೀವಿ. ಕಾಸ್ಟಿಕ್ಕು, ಆಮೇಲೆ ಆಸಿಡ್ಡು."
"ಬಿಚ್ಚಿ ತೊಳೀತೀರೋ, ಇದ್ದ ಹಾಗೇನೋ?"
"ಇರೋರು ಮೂವರು. ಬಿಚ್ಚೋರ್ಯಾರು?"
"ಪೈಪಿನ ಸುತ್ತಳತೆ ದಾರ ಸುತ್ತಿ ನೋಡಿ ಹೇಳಿ."
ದಾರ ಸಿಗಲಿಲ್ಲ. ದೇವರ ಫೋಟೋದ
ನಿನ್ನೆಯ ಹೂವು ಉದುರಿಸಿ, ಆ ದಾರದಲ್ಲಿ ಅಳೆದರು.
ನೂರ ಅರವತ್ತು ಮಿಲಿಮೀಟರು.
ಮೂರು ಪಾಯಿಂಟ್ ಒಂದು ನಾಲ್ಕರಿಂದ ಭಾಗಿಸಿದೆ.
ಐವತ್ತೊಂದು.

ಬಿಳಿ ಪುಸ್ತಕ ಇಳಿಸಿದೆ. ಬರೆದೆ:
ಮುನ್ನೂರ ಹದಿನಾರು ಎಲ್.
ಒಳಮೈ ನುಣುಪು, ಸೊನ್ನೆ ಪಾಯಿಂಟ್ ಎಂಟು ಮೈಕ್ರಾನ್.
ರೇಟು ನೋಡಿ ಸಿದ್ರಾಮಪ್ಪನವರು ಕನ್ನಡಕ ಹಣೆಗೇರಿಸಿದರು.
"ಒಳಗೆ ಯಾರಮ್ಮ ನೋಡ್ತಾರೆ?"
"ಯಾರೂ ನೋಡಲ್ಲ ಸರ್. ಅದಕ್ಕೇ."
ಗೋಡೆಯ ಕ್ಯಾಲೆಂಡರು ನೋಡುತ್ತ ಸಹಿ ಹಾಕಿದರು.

ಹೋದ ವರ್ಷದ ಬೆಂಡೊಂದು ಮೇಜಿನ ಮೇಲಿದೆ,
ಬೆಸುಗೆ ಸಮೇತ ಕೊಯ್ದು ತಂದದ್ದು,
ಆರ್ಡರುಗಳು ಹಾರದ ಹಾಗೆ ಒತ್ತಿಕೊಂಡು.
ಎಷ್ಟು ಸಲ ತೊಳೆದಿದ್ದೇನೋ.
ಈಗ ಮಧ್ಯಾಹ್ನ, ಒಂದು ಇರುವೆ
ಈಚೆ ಬಾಯಿಂದ ಒಳಗೆ ಹೋಯಿತು.
ಆಚೆ ಬಾಯಲ್ಲಿ ಕಾಯುತ್ತಿದ್ದೇನೆ.
ಇನ್ನೂ ಬಂದಿಲ್ಲ.
ಅಲ್ಲೇನೋ ಸಿಕ್ಕಿದೆ ಅದಕ್ಕೆ.